ಸೀಟಿ ಹಿಡಿದವನ ಒಳದನಿ



ಕ್ರಿಕೆಟ್‌ನಲ್ಲಿ ಅಂಪೈರ್ ಎತ್ತುವ ಬೆರಳು ನಿಮಗೆ ಚೆನ್ನಾಗಿ ಗೊತ್ತು. ರಗ್ಬಿಯಲ್ಲಿ ರೆಫರಿಯ ದನಿಯನ್ನೇ ಕೇಳಬಹುದು! ದೊಡ್ಡ ಪಂದ್ಯಗಳಲ್ಲಿ ಅವರಿಗೆ ಮೈಕ್ ಸಿಕ್ಕಿಸಿರುತ್ತಾರೆ. ಆರಡಿ ಎತ್ತರದ ದೈತ್ಯರನ್ನು ಗದರಿಸುವುದು, ನಡುವೆ ಒಂದು ತಮಾಷೆ ಹಾರಿಸುವುದು, ಎಲ್ಲವೂ ಟಿವಿ ನೋಡುವವರ ಕಿವಿಗೂ ಬೀಳುತ್ತದೆ. ಹಾಗೆ ಜಗತ್ತು ಗುರುತಿಸಿದ ದನಿ ವೇಲ್ಸ್‌ನ ನೈಜೆಲ್ ಓವೆನ್ಸ್ ಅವರದು.

1971ರಲ್ಲಿ ಹುಟ್ಟಿದ ಅವರು ಬೆಳೆದದ್ದು ಕಾರ್ಮಾರ್ಥನ್‌ಶೈರ್‌ನ ಪುಟ್ಟ ಹಳ್ಳಿಯಲ್ಲಿ. ಮನೆಮಾತು ವೆಲ್ಷ್. ಶಾಲಾ ತಂಡಕ್ಕೆ ಗೆಲುವು ತರಬೇಕಿದ್ದ ಒಂದು ಸುಲಭದ ಕಿಕ್ ತಪ್ಪಿಸಿದಾಗ, ಮೇಷ್ಟರು ರೆಫರಿಯಾಗಿ ನೋಡು ಎಂದರಂತೆ. ಹದಿನಾರರ ಹುಡುಗ ಸೀಟಿ ಹಿಡಿದ.

ಆದರೆ ಮನಸ್ಸಿನಲ್ಲಿ ಬೇರೆಯೇ ಪಂದ್ಯ ನಡೆದಿತ್ತು. ತಾನು ಸಲಿಂಗಿ ಎಂಬುದನ್ನು ಯಾರಿಗೂ ಹೇಳಲಾಗದೆ ಒದ್ದಾಡುತ್ತಿದ್ದರು. ಗಂಡಸುತನದ ಆಟವೆಂದೇ ಹೆಸರಾದ ರಗ್ಬಿಯಲ್ಲಿ ತನಗೆ ಜಾಗವಿದೆಯೇ ಎಂಬ ಭಯ. ಇಪ್ಪತ್ತರ ಹರೆಯದಲ್ಲಿ ಒಂದು ರಾತ್ರಿ ಅಪ್ಪ ಅಮ್ಮನಿಗೆ ಚೀಟಿ ಬರೆದಿಟ್ಟು, ಜೀವ ಕಳೆದುಕೊಳ್ಳಲು ಮನೆ ಬಿಟ್ಟು ಹೊರಟರು. ಪೊಲೀಸ್ ಹೆಲಿಕಾಪ್ಟರ್ ಅವರನ್ನು ಬೆಟ್ಟದ ಮೇಲೆ ಪತ್ತೆ ಮಾಡಿತು. ಜೀವ ಉಳಿಯಿತು.

ಮತ್ತೆ ಸೀಟಿ ಹಿಡಿದರು. 2007ರಲ್ಲಿ ಗುಟ್ಟನ್ನು ಬಹಿರಂಗವಾಗಿ ಹೇಳಿದರು. ಆಟ ಅವರನ್ನು ಹೊರಗಟ್ಟಲಿಲ್ಲ. ಅದೇ ವರ್ಷ ವಿಶ್ವಕಪ್‌ನಲ್ಲಿ ರೆಫರಿಯಾದರು.

2015ರ ಅಕ್ಟೋಬರ್ 31. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ವಿಶ್ವಕಪ್ ಫೈನಲ್. ನ್ಯೂಜಿಲೆಂಡ್ 21-3ರಿಂದ ಮುಂದಿತ್ತು. ಅದರ ಬೆನ್ ಸ್ಮಿತ್ ಎದುರಾಳಿಯನ್ನು ಅಪಾಯಕಾರಿಯಾಗಿ ಎತ್ತಿ ಕೆಡವಿದಾಗ ಓವೆನ್ಸ್ ಹಳದಿ ಕಾರ್ಡ್ ತೋರಿಸಿ ಹತ್ತು ನಿಮಿಷ ಹೊರಗೆ ಕೂರಿಸಿದರು. ಆಸ್ಟ್ರೇಲಿಯಾ ಎದ್ದು ಬಂತು, 21-17! ಕೊನೆಗೆ ನ್ಯೂಜಿಲೆಂಡ್ 34-17ರಿಂದ ಗೆದ್ದಿತು. ಫೈನಲ್ ಎಂದು ಹಿಂಜರಿಯದೆ ತಪ್ಪನ್ನು ತಪ್ಪೆಂದೇ ಕಂಡ ಆ ತೀರ್ಪನ್ನು ಗಮನಿಸಿ.

2020ರ ನವೆಂಬರ್ 28ರಂದು ಪ್ಯಾರಿಸ್ ಬಳಿಯ ಫ್ರಾನ್ಸ್-ಇಟಲಿ ಪಂದ್ಯ ಅವರ ನೂರನೆಯ ಟೆಸ್ಟ್. ಅಷ್ಟು ಟೆಸ್ಟ್ ನಡೆಸಿದ ಮೊದಲ ರೆಫರಿ ಅವರೇ. ಅದೇ ಕೊನೆಯದೂ ಆಯಿತು.

ಆ ರಾತ್ರಿ ಹುಡುಕಿ ಹೋದವರು ತಡ ಮಾಡಿದ್ದರೆ ಈ ನೂರರಲ್ಲಿ ಒಂದೂ ಇರುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಪಿಜಿಯ ಪಕ್ಕದ ಕೋಣೆಯಲ್ಲಿ ಯಾರಾದರೂ ಹೀಗೆ ಮಾತು ನುಂಗಿಕೊಂಡು ಕೂತಿದ್ದರೆ, ರೇಡಿಯೋ ಸ್ವಲ್ಪ ಹೊತ್ತು ಆಫ್ ಮಾಡಿ. ಮೊದಲು ಅವರನ್ನು ಕೇಳಿ. ನಾವು ಕಾಯುತ್ತೇವೆ.