ಕೊಡವ ಕೌಟುಂಬಿಕ ಹಾಕಿ ಉತ್ಸವ: ಹಿನ್ನೆಲೆ ಮತ್ತು ಬೆಳವಣಿಗೆ

ಕುಸ್ತಿಗೆ ದಾವಣಗೆರೆಯು ಹೆಸರಾಗಿರುವಂತೆ ಹಾಕಿ ಕ್ರೀಡೆಗೆ ಮಲೆನಾಡಿನ ಕೊಡಗು ಜಿಲ್ಲೆಯು ಪ್ರಸಿದ್ಧವಾಗಿದೆ. 1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರ ವಿಶ್ವಕಪ್ ವಿಜೇತ ತಂಡದ ಬಿ.ಪಿ. ಗೋವಿಂದ ಹಾಗೂ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಪಡೆದ ತಂಡದ ಎಂ.ಎಂ. ಸೋಮಯ್ಯ ಅವರು ಕೊಡಗು ಮೂಲದವರಾಗಿದ್ದಾರೆ.

ಆರಂಭ:
ಉದ್ಯೋಗ ನಿಮಿತ್ತ ಚದುರಿಹೋದ ಕೊಡವ ಮನೆತನಗಳನ್ನು ಒಂದೆಡೆ ಸೇರಿಸುವ ಉದ್ದೇಶದಿಂದ ನಿವೃತ್ತ ಬ್ಯಾಂಕ್ ಉದ್ಯೋಗಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ವಿರಾಜಪೇಟೆ ಸಮೀಪದ ಕರಡ ಗ್ರಾಮದಲ್ಲಿ ಈ ಪಂದ್ಯಾವಳಿಯನ್ನು ಆರಂಭಿಸಿದರು. ಪ್ರಥಮ ವರ್ಷ 60 ಕುಟುಂಬಗಳು ಭಾಗವಹಿಸಿದ್ದವು.

ಆಯೋಜನೆಯ ಕ್ರಮ:
ತಂಡದ ಆಟಗಾರರು ಒಂದೇ ಮನೆತನಕ್ಕೆ (ಒಕ್ಕ) ಸೇರಿದವರಾಗಿರಬೇಕು. ಹಿರಿಯರು, ಮಹಿಳೆಯರು ಹಾಗೂ ಮಕ್ಕಳು ಒಂದೇ ತಂಡದಲ್ಲಿ ಆಡಬಹುದಾಗಿದೆ. ಪ್ರತಿ ವರ್ಷ ಒಂದು ಕುಟುಂಬವು ಆತಿಥ್ಯದ ಹೊಣೆಯನ್ನು ವಹಿಸಿಕೊಳ್ಳುತ್ತದೆ. ಆ ವರ್ಷದ ಕಪ್ ಅದೇ ಕುಟುಂಬದ ಹೆಸರನ್ನು ಪಡೆಯುತ್ತದೆ. ಮೈದಾನ, ಊಟೋಪಚಾರ ಮತ್ತು ಬಹುಮಾನಗಳ ವೆಚ್ಚವು ಅಧಿಕವಾಗಿರುವುದರಿಂದ ದಾನಿಗಳ ನೆರವು ಹಾಗೂ ಸರ್ಕಾರದ ಅನುದಾನವನ್ನೂ ಪಡೆಯಲಾಗಿದೆ. ಪಂದ್ಯಗಳನ್ನು ಸೋತ ತಂಡ ನಿರ್ಗಮಿಸುವ ಪದ್ಧತಿಯಲ್ಲಿ, ಸಾಮಾನ್ಯವಾಗಿ ಶಾಲಾ ರಜೆಯ ಏಪ್ರಿಲ್ ತಿಂಗಳ ಆಸುಪಾಸಿನಲ್ಲಿ ನಡೆಸಲಾಗುತ್ತದೆ.

ಸ್ಥಗಿತ ಮತ್ತು ಪುನರಾರಂಭ:
ಆಗಸ್ಟ್ 2018ರಲ್ಲಿ ಕೊಡಗಿನಲ್ಲಿ ಸಂಭವಿಸಿದ ಅತಿವೃಷ್ಟಿ ಮತ್ತು ಭೂಕುಸಿತದಿಂದ ಅನೇಕ ಕುಟುಂಬಗಳು ಮನೆ, ತೋಟಗಳನ್ನು ಕಳೆದುಕೊಂಡವು. ತದನಂತರ ಕೋವಿಡ್ ಸಾಂಕ್ರಾಮಿಕವೂ ಎದುರಾಯಿತು. ಈ ಕಾರಣಗಳಿಂದ ಉತ್ಸವವು ನಾಲ್ಕು ವರ್ಷ ಸ್ಥಗಿತಗೊಂಡು, ಅದರ ಮುಂದುವರಿಕೆಯ ಬಗ್ಗೆಯೇ ಆತಂಕ ಮೂಡಿತ್ತು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬವು ಹೊಣೆ ಹೊತ್ತು ನಾಪೋಕ್ಲುವಿನಲ್ಲಿ ಪಂದ್ಯಾವಳಿಯನ್ನು ಪುನರಾರಂಭಿಸಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು ಪಾಲ್ಗೊಂಡು, ಉತ್ಸವವು ಗಿನ್ನೆಸ್ ವಿಶ್ವ ದಾಖಲೆಗೆ ಪಾತ್ರವಾಯಿತು. 2025ರಲ್ಲಿ ಮುದ್ದಂಡ ಕುಟುಂಬವು ಮಡಿಕೇರಿಯಲ್ಲಿ 25ನೇ ಉತ್ಸವವನ್ನು ಏರ್ಪಡಿಸಿದ್ದು, 396 ತಂಡಗಳು ನೋಂದಾಯಿಸಿಕೊಂಡಿದ್ದವು. ಹೊಣೆಯು ಒಬ್ಬರಲ್ಲಿಯೇ ಉಳಿಯದೆ ಮನೆತನದಿಂದ ಮನೆತನಕ್ಕೆ ಸಾಗುವ ಪದ್ಧತಿಯೇ ಈ ಉತ್ಸವವು ಸಂಕಷ್ಟದ ನಂತರವೂ ಉಳಿದುಬರಲು ಮುಖ್ಯ ಆಧಾರವಾಗಿದೆ.

ವೀಕ್ಷಿಸಲಿಚ್ಛಿಸುವವರಿಗೆ:
ಆತಿಥ್ಯ ವಹಿಸುವ ಕುಟುಂಬದೊಂದಿಗೆ ಪಂದ್ಯಗಳ ಸ್ಥಳವೂ ಬದಲಾಗಬಹುದಾದ್ದರಿಂದ ಅದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಮಡಿಕೇರಿಗೆ ರೈಲು ಸಂಪರ್ಕವಿರುವುದಿಲ್ಲ. ದಾವಣಗೆರೆ ಹಾಗೂ ಹರಿಹರದ ಸಾರ್ವಜನಿಕರು ಮೈಸೂರಿನವರೆಗೆ ರೈಲಿನಲ್ಲಿ ತೆರಳಿ, ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಮಡಿಕೇರಿಯನ್ನು ಬಸ್ಸಿನ ಮೂಲಕ ತಲುಪಬಹುದಾಗಿದೆ.