ಬಹುವಚನ ಸಿಗದ ಲೇಖಕಿ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಕಾದಂಬರಿಗಳ ಸಾಲು ಮುಗಿಯುವ ಮೂಲೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ ಒಂದು ಕಬ್ಬಿಣದ ಬೀರು ಇದೆ. ಅದರ ನೆತ್ತಿಗೆ ಅಂಟಿಸಿದ ರಟ್ಟಿನ ಚೂರಿನ ಮೇಲೆ ‘ಲೇಖಕಿಯರು’ ಎಂದು ಬರೆದಿದೆ. ‘ಲೇಖಕರು’ ಎಂಬ ಚೀಟಿ ಯಾವ ಬೀರುವಿಗೂ ಇಲ್ಲ. ಉಳಿದ ಕೋಣೆಯೆಲ್ಲ ಅವರದೇ ಆಗಿರುವಾಗ ಚೀಟಿ ಯಾಕೆ? “ಇವರನ್ನ ಯಾಕೆ ಬೇರೆ ಇಟ್ಟಿದೀರಿ?” ಎಂದು ಒಮ್ಮೆ ಗ್ರಂಥಪಾಲಕರನ್ನು ಕೇಳಿದೆ. “ಹುಡುಕ್ಕೊಂಡು ಬರೋರಿಗೆ ಬೇಗ ಸಿಗಲಿ ಅಂತ ಮೇಡಂ” ಅಂದರು. ಸುಳ್ಳಲ್ಲ. ನಾನೂ ಬಾಗಿಲು ದಾಟಿದವಳೇ ನೆಟ್ಟಗೆ ಅಲ್ಲಿಗೇ ಹೋಗುತ್ತೇನೆ.

ಸಂಸ್ಕೃತದ ಲೆಕ್ಕದಲ್ಲಿ ಈ ‘ಲೇಖಕಿ’ ಲೇಖಿಕಾ ಆಗಬೇಕಿತ್ತು. ಹಿಂದಿ, ಮರಾಠಿಗಳಲ್ಲಿ ಹಾಗೆಯೇ ಆಗಿದ್ದಾಳೆ. ಕನ್ನಡ ಮಾತ್ರ ನಾಯಕಿ, ಗಾಯಕಿ, ಶಿಕ್ಷಕಿಯರ ಜೊತೆಗೆ ಅವಳಿಗೂ ಕೊನೆಯಲ್ಲೊಂದು ಇಕಾರ ಹಚ್ಚಿ ಕೈತೊಳೆದುಕೊಂಡಿತು. ಇಷ್ಟು ಸಲೀಸಾಗಿ ಹುಟ್ಟಿದವಳಿಗೆ ದಕ್ಕದೇ ಹೋದದ್ದು ಬಹುವಚನ. ಎಣಿಕೆಯ ಬಹುವಚನವಲ್ಲ, ಮರ್ಯಾದೆಯದು. ಒಬ್ಬ ಗಂಡಸು ಬರೆದರೆ ‘ಲೇಖಕರು’ ಅಂದರಾಯಿತು. ‘ಲೇಖಕಿಯರು’ ಅಂದರೆ ಗುಂಪು. ಒಬ್ಬಳಿಗೆ ಅದು ಸಲ್ಲುವುದಿಲ್ಲ. ‘ಲೇಖಕಿಯವರು’ ಎಂದು ಬಾಲ ಕಟ್ಟಬೇಕು. ಇಲ್ಲವೇ ನಾಮಪದಕ್ಕೆ ಏಕವಚನ, ಕ್ರಿಯಾಪದಕ್ಕೆ ಬಹುವಚನ ಕೊಟ್ಟು ‘ಲೇಖಕಿ ಹೇಳುತ್ತಾರೆ’ ಎಂದು ಸರಿದೂಗಿಸಬೇಕು. ಅದೂ ಬೇಡವೆಂದರೆ ಆಕೆಯನ್ನೂ ‘ಲೇಖಕರು’ ಮಾಡಿಬಿಡುವುದು. ಆಗ ಮರ್ಯಾದೆಯೇನೋ ಸಿಗುತ್ತದೆ, ಹೆಂಗಸು ಕಾಣೆಯಾಗುತ್ತಾಳೆ. ಪುಸ್ತಕ ಪರಿಚಯ ಬರೆಯಲು ಕೂತಾಗಲೆಲ್ಲ ನಾನು ಈ ಮೂರು ದಾರಿ ಕೂಡುವ ಕಡೆ ನಿಂತು ತಲೆ ಕೆರೆದುಕೊಂಡಿದ್ದೇನೆ.

ಹಾಗೆ ನೋಡಿದರೆ ‘ಲೇಖಕ’ನಿಗೂ ಮೊದಲು ಅಂಥ ಘನತೆಯೇನೂ ಇರಲಿಲ್ಲ. ಇನ್ನೊಬ್ಬರ ಗ್ರಂಥವನ್ನು ನಕಲು ಮಾಡಿಕೊಡುವ ಲಿಪಿಕಾರ ಅವನು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೆಸರಾದ ಅತ್ತಿಮಬ್ಬೆ, ಆ ಅರ್ಥದಲ್ಲಿ, ಲೇಖಕರನ್ನು ಕೂರಿಸಿ ಬರೆಸಿದ ಯಜಮಾನಿ.

ಬೀರುವಿನ ಮೇಲಿನ ಅರೆಯಲ್ಲಿ ನಂಜನಗೂಡು ತಿರುಮಲಾಂಬಾ ಇದ್ದಾರೆ. ಎಳೆಯ ವಯಸ್ಸಿಗೇ ವಿಧವೆಯಾದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ತೆರೆದು ತಾವೇ ಬರೆದರು, ತಾವೇ ಪ್ರಕಟಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಸಂಪಾದಕಿ, ಪ್ರಕಾಶಕಿ ಎಲ್ಲ ಅವರೇ. 1982ರವರೆಗೆ ಬದುಕಿದ್ದರೂ ಬರವಣಿಗೆ ನಿಂತು ದಶಕಗಳೇ ಕಳೆದಿದ್ದವು. ಆ ಮೌನದ ಲೆಕ್ಕ ಯಾವ ಕಾರ್ಡಿನಲ್ಲೂ ಇಲ್ಲ.

ಕಾರ್ಡು ಅಂದೆ. ಕಂಪ್ಯೂಟರ್ ಬಂದರೂ ಇಲ್ಲಿ ಹಳೆಯ ಕಾರ್ಡುಗಳ ಮರದ ಪೆಟ್ಟಿಗೆಯನ್ನು ಎಸೆದಿಲ್ಲ. ಅದರಲ್ಲಿ ನನಗೆ ಇಷ್ಟ ‘ನೋಡಿ’ ಕಾರ್ಡುಗಳು. ಅನಸೂಯಾ ಶಂಕರ್, ನೋಡಿ: ತ್ರಿವೇಣಿ. ವೆಂಕಟಲಕ್ಷ್ಮಿ, ನೋಡಿ: ಅನುಪಮಾ ನಿರಂಜನ. ಮನೆಯ ಹೆಸರಿನಿಂದ ಬರಹದ ಹೆಸರಿನ ಕಡೆಗೆ ಕೈತೋರಿಸುವ ಕಾರ್ಡುಗಳಿವು. ಕೊಡಗಿನ ಗೌರಮ್ಮನವರದು ಮಾತ್ರ ತಿರುವುಮುರುವು. ಅವರು ಕತೆಗಳಿಗೆ ಹಾಕುತ್ತಿದ್ದ ರುಜು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’, ಅಂದರೆ ಗಂಡನ ಹೆಸರು. 1939ರಲ್ಲಿ, ಮೂವತ್ತೂ ತುಂಬದೆ ತೀರಿಕೊಂಡ ಅವರಿಗೆ ಸ್ವಂತ ಹೆಸರನ್ನು ಮರಳಿ ಕೊಟ್ಟವರು ಓದುಗರು.

ಹೆಂಗಸರು ಬರೆದದ್ದಕ್ಕೆ ಒಂದು ಬೀರು ಸಿಕ್ಕಿತು. ಹೆಂಗಸರ ಬಗ್ಗೆ ಬರೆದದ್ದನ್ನು ಎಲ್ಲಿಡುವುದು? ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದ ಹಳೆಯ ಆವೃತ್ತಿಗಳಲ್ಲಿ ಅದರ ಸಂಖ್ಯೆ 396. ಎಡಕ್ಕೆ 395, ಶಿಷ್ಟಾಚಾರ. ಇನ್ನೆರಡು ಹೆಜ್ಜೆ ಬಲಕ್ಕೆ 398, ಜಾನಪದ. ಹೆಂಗಸರ ಬದುಕಿನ ಚರಿತ್ರೆ ಊಟದ ಮೇಜಿನ ನಡವಳಿಕೆಗೂ ಅಜ್ಜಿಕತೆಗೂ ನಡುವೆ! ಈಗ 305.4ಕ್ಕೆ, ಸಮಾಜದ ವಿವಿಧ ವರ್ಗಗಳ ಅಧ್ಯಯನದ ಸಾಲಿಗೆ ಬಂದಿದೆ. ಪುಸ್ತಕದ ಬೆನ್ನಿನ ಅಂಕಿ ಬದಲಾಗಲಿಕ್ಕೂ ಯಾರೋ ಜಗಳ ಆಡಿರಲೇಬೇಕು ಅನ್ನಿಸುತ್ತದೆ ನನಗೆ.

ನಮ್ಮಲ್ಲಿ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಕಟ್ಟಿದವರು ಈ ಪದವನ್ನೇ ಬೋರ್ಡಿಗೆ ಹಾಕಿಕೊಂಡರು. ಹೆಂಗಸರು ಬರೆಯುವುದೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿಯುವವರಿಗೇನೂ ಬರವಿರಲಿಲ್ಲ. ‘ಬರಹಕ್ಕೆ ಗಂಡು ಹೆಣ್ಣು ಉಂಟೇ?’ ಎಂಬ ಪ್ರಶ್ನೆ ಈಗಲೂ ಸಭೆಗಳಲ್ಲಿ ಏಳುತ್ತದೆ. ಬರಹಕ್ಕೆ ಇಲ್ಲದಿರಬಹುದು, ವ್ಯಾಕರಣಕ್ಕಂತೂ ಉಂಟು. ಏಕವಚನದಲ್ಲಿ ಮರ್ಯಾದೆ ಗಿಟ್ಟದ ಪದ ಎಣಿಕೆಯ ಬಹುವಚನದಲ್ಲಿ ಸಂಘ ಕಟ್ಟಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಲೇಖಕಿ’ ಮುಖಪುಟಗಳಿಗೆ ಏರಿದಳು. ಆ ವಾರ ಹೋದಾಗ ಅಭ್ಯಾಸಬಲದಿಂದ ನಾನು ಅವರ ಪುಸ್ತಕಗಳಿಗಾಗಿ ಮೂಲೆಯ ಬೀರುವಿನಲ್ಲೇ ತಡಕಾಡಿದೆ.

“ಅಲ್ಲಿಲ್ಲ ಮೇಡಂ,” ಗ್ರಂಥಪಾಲಕರು ಕೂತಲ್ಲಿಂದಲೇ ಕೂಗಿದರು, “ಅವರದ್ದು ಈಗ ಮುಂದ್ಗಡೆ ಇದೆ.”

ಬೀರುವಿನಲ್ಲಿ ಮೂರು ಪುಸ್ತಕದಷ್ಟು ಅಗಲದ ಸಂದು ಬಿದ್ದಿತ್ತು. ಅಕ್ಕಪಕ್ಕದವು ಅದರ ಕಡೆಗೆ ವಾಲಿಕೊಂಡಿದ್ದವು.