ಹೇಳಿದವರು ಯಾರು?

ಅಜ್ಜಿಯ ಹಳೆಯ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಇದೆ. ಅರ್ಧದವರೆಗೆ ಹಾಲಿನ ಲೆಕ್ಕ, ಕೂಲಿಯ ಲೆಕ್ಕ. ಉಳಿದ ಹಾಳೆಗಳಲ್ಲಿ ಅವಳು ಅಲ್ಲಿ ಇಲ್ಲಿ ಕೇಳಿ ಬರೆದಿಟ್ಟುಕೊಂಡ ಸಂಗತಿಗಳು: ಅಕ್ಕಿಗೆ ಹುಳ ಬಾರದಂತೆ ಏನು ಮಾಡಬೇಕು, ಕರು ಹಾಲು ಕುಡಿಯದಿದ್ದರೆ ಏನು, ಮಲ್ಲಿಗೆ ಬಳ್ಳಿಯನ್ನು ಯಾವಾಗ ಸವರಬೇಕು. ಪ್ರತಿಯೊಂದರ ಕೊನೆಗೂ ಒಂದು ಗುರುತು ಇದೆ. 'ಮೂಲೆಮನೆ ಅತ್ತೆ ಹೇಳಿದ್ದು', 'ಬಳೆಗಾರನಿಂದ ಕೇಳಿದ್ದು'. ಕೆಲವಕ್ಕೆ ಇನ್ನೂ ಒಂದು ಸಾಲು: 'ಮಾಡಿ ನೋಡಿದೆ, ಸರಿಯಿದೆ'.

ಈ ಗುರುತುಗಳ ಬೆಲೆ ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಸಲಹೆಯೊಂದನ್ನು ನಂಬಿ ಮಿಡಿ ಉಪ್ಪಿನಕಾಯಿಗೆ ಉಪ್ಪುನೀರು ಕುದಿಸಿ ಹಾಕಿದೆ. ಹದಿನೈದು ದಿನದಲ್ಲಿ ಭರಣಿಯಷ್ಟೂ ಮಿಡಿ ಮೆತ್ತಗಾಗಿ ಎಸೆಯಬೇಕಾಯಿತು. ಆಮೇಲೆ ಅಜ್ಜಿಯ ಪುಸ್ತಕ ತೆರೆದರೆ ಅದೇ ಸಲಹೆ, ಎರಡೇ ಎರಡು ಪದ ಹೆಚ್ಚು: 'ಪೂರ್ತಿ ಆರಿಸಿ'. ಆ ಎರಡು ಪದಗಳು ಯಾವ ಕೈಯಲ್ಲಿ ಉದುರಿದವು? ಗುಂಪಿನಲ್ಲಿ ಕೇಳಿದೆ. ಎಲ್ಲರೂ ಬೇರೆಲ್ಲಿಂದಲೋ ಬಂದದ್ದನ್ನು ಮುಂದೆ ಕಳಿಸಿದವರೇ.

ದಿನಬಳಕೆಯ ತಿಳಿವಳಿಕೆಯನ್ನು ಕೂಡಿಟ್ಟು ಹಂಚುವ ಕೆಲಸ ಕನ್ನಡದಲ್ಲಿ ಇಂದು ನಿನ್ನೆಯದಲ್ಲ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ಅರಸ ಎರಡನೆಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಬರೆದ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಬೇರೆ; ಈತ ಅವನಿಗಿಂತ ಈಚಿನವನು. ಹನ್ನೆರಡು ಅಧ್ಯಾಯಗಳ ಈ ಕೃತಿಯಲ್ಲಿ ಜ್ಯೋತಿಷ, ಶಕುನ, ಮನೆ ಕಟ್ಟುವ ಕ್ರಮಗಳ ಜೊತೆಗೆ ನೆಲದಡಿಯ ನೀರು ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧ ತಯಾರಿ, ಅಡುಗೆ, ಮನುಷ್ಯರ ಮದ್ದು, ದನಕರುಗಳ ಮದ್ದು ಎಲ್ಲವೂ ಇವೆ. ಯುದ್ಧ, ಶೃಂಗಾರಗಳ ವರ್ಣನೆಯಲ್ಲಿ ಪಳಗಿದ್ದ ಭಾಷೆಯಲ್ಲಿ ಉದ್ದಿನಬೇಳೆ ನೆನೆಹಾಕುವುದನ್ನೂ ಹೇಳಬಹುದು, ಅದು ಲೋಕಕ್ಕೆ ಮಾಡುವ ಉಪಕಾರ ಎಂದು ಆತ ತಿಳಿದಿದ್ದ. ಹೆಸರಿನಲ್ಲೇ ಅದು ಇದೆ.

ಉದ್ದಿನ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ಇಡ್ಲಿಯ ಚರಿತ್ರೆ ಬರೆಯುವವರೆಲ್ಲ ಬಂದು ನಿಲ್ಲುವ ಜಾಗ 'ಲೋಕೋಪಕಾರ'. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸಿ ಮಾಡುವ ಕ್ರಮ ಅಲ್ಲಿದೆ. ಅದಕ್ಕೂ ಹಿಂದಿನ, ಸುಮಾರು 920ರ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಮಾಡುವ ಬಗೆ ಸಿಗುವುದು ಚಾವುಂಡರಾಯನಲ್ಲಿ. ಆಹಾರ ಚರಿತ್ರಕಾರ ಕೆ. ಟಿ. ಅಚಯ ಗಮನಿಸಿದಂತೆ, ಈ ಹಳೆಯ ಇಡ್ಡಲಿಗೆಯಲ್ಲಿ ಅಕ್ಕಿಯೇ ಇಲ್ಲ. ಅಕ್ಕಿ ಬೆರೆಸಿ, ರಾತ್ರಿಯಿಡೀ ಹುಳಿ ಬರಿಸಿ ನೋಡಿದವರು ಆಮೇಲಿನ ಯಾರೋ. ಯಾರೆಂದು ಯಾವ ಗ್ರಂಥವೂ ಹೇಳುವುದಿಲ್ಲ. ಮಜ್ಜಿಗೆಯಲ್ಲಿ ಉದ್ದು ನೆನೆಸಿದ ಮೊದಲ ಕೈ ಯಾರದೆಂಬುದನ್ನೂ ಹೇಳುವುದಿಲ್ಲ.

ನೀರು ಹುಡುಕುವ ವಿದ್ಯೆಯ ಕತೆಯೂ ಹೀಗೇ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಸಿಗುತ್ತದೆ ಎನ್ನುವಂಥ ಸೂಚನೆಗಳು ಅಲ್ಲಿವೆ. ಆಧಾರವಾಗಿ ಆತ ಹೆಸರಿಸುವುದು ಸಾರಸ್ವತ, ಮನು ಮೊದಲಾದವರನ್ನು. ಆದರೆ ಹುತ್ತಕ್ಕೂ ನೀರಿಗೂ ಇರುವ ನಂಟನ್ನು ಮೊದಲು ಕಂಡವರು ದನ ಮೇಯಿಸುವವರೋ ಬಾವಿ ತೋಡುವವರೋ ಇರಬೇಕು ಎಂದೇ ನನಗನ್ನಿಸುತ್ತದೆ. ಗ್ರಂಥ ಅವರ ತಿಳಿವನ್ನು ಉಳಿಸಿತು, ಅವರನ್ನು ಉಳಿಸಲಿಲ್ಲ.

ಹಾಗೆಂದು ಸಂಗ್ರಹಿಸಿದವರನ್ನು ದೂರುವಂತಿಲ್ಲ. ಸುಮಾರು 1125ರಲ್ಲಿ ಕೀರ್ತಿವರ್ಮ 'ಗೋವೈದ್ಯ' ಬರೆದ. 1360ರ ಸುಮಾರಿಗೆ ಮಂಗರಾಜ ವಿಷವೈದ್ಯದ 'ಖಗೇಂದ್ರಮಣಿದರ್ಪಣ' ಬರೆದ. 1508ರ ಸುಮಾರಿಗೆ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಸಿ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ. ಪಾಕವಿಧಾನಕ್ಕೆ ಷಟ್ಪದಿ ಏಕೆ ಎಂದು ಮೊದಲು ನಗು ಬಂದಿತ್ತು. ಭರಣಿ ಖಾಲಿ ಮಾಡಿದ ಮೇಲೆ ಕಾರಣ ಹೊಳೆಯಿತು. ಪದ್ಯ ನೆನಪಿನಲ್ಲಿ ನಿಲ್ಲುತ್ತದೆ ಎಂಬುದು ಒಂದು. ನಡುವಿನಿಂದ ಎರಡು ಪದ ಉದುರಿದರೆ ಮಾತ್ರೆ ತಪ್ಪಿ, ಓದುವವನ ಕಿವಿಗೆ ಕೂಡಲೇ ಗೊತ್ತಾಗುತ್ತದೆ ಎಂಬುದು ಇನ್ನೊಂದು. ಓಲೆ ನಕಲು ಮಾಡುವವರ ಕೈತಪ್ಪುಗಳಿಗೆ ಛಂದಸ್ಸು ಒಂದು ಕಾವಲು. ಫಾರ್ವರ್ಡ್ ಸಂದೇಶಕ್ಕೆ ಆ ಕಾವಲು ಇಲ್ಲ. ಅಜ್ಜಿಯ ಗದ್ಯಕ್ಕೂ ಇರಲಿಲ್ಲ; ಅವಳಿಗೆ ಇದ್ದ ಕಾವಲು ಮೂಲೆಮನೆ ಅತ್ತೆ. ಸಂಶಯ ಬಂದರೆ ಹೋಗಿ ಕೇಳಬಹುದಿತ್ತು.

ಅಜ್ಜಿಯ ಈ ಪದ್ಧತಿಯನ್ನೇ ಅಚ್ಚಿನಲ್ಲಿ ಕಂಡದ್ದು 'ಅಡಿಕೆ ಪತ್ರಿಕೆ'ಯಲ್ಲಿ. 1988ರಲ್ಲಿ ಪುತ್ತೂರಿನಿಂದ ಶುರುವಾದ ಈ ಮಾಸಪತ್ರಿಕೆ, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಕಂಡುಕೊಂಡ ಉಪಾಯವನ್ನು ಕಂಡುಕೊಂಡವರೇ ಬರೆದರು. ಬರಹದ ಜೊತೆ ಅವರ ಹೆಸರು, ಊರು, ಸಂಪರ್ಕ. ಓದಿದವರು ಮಾತಾಡಿಸಬಹುದು, ಹೋಗಿ ನೋಡಬಹುದು, ನಮ್ಮಲ್ಲಿ ಹೀಗಾಗಲಿಲ್ಲ ಎಂದು ತಗಾದೆ ತೆಗೆಯಬಹುದು. ಸಾವಿರ ವರ್ಷ ಹೆಸರಿಲ್ಲದೆ ಗ್ರಂಥದೊಳಗೆ ಸೇರಿದವರು ಇಲ್ಲಿ ಹೆಸರಿನೊಂದಿಗೆ ಬಂದರು. ಕನ್ನಡದ ಸಂಗ್ರಹ ಪರಂಪರೆಯಲ್ಲಿ ಇದನ್ನು ನಾನು ದೊಡ್ಡ ತಿರುವು ಎಂದೇ ಎಣಿಸುತ್ತೇನೆ.

ಈಗ ಎಲ್ಲರ ಕೈಯಲ್ಲೂ ಒಂದೊಂದು 'ಲೋಕೋಪಕಾರ'ವಿದೆ. ಹಂಚುವುದು ಎಂದೂ ಇಷ್ಟು ಸುಲಭವಿರಲಿಲ್ಲ. 'ಯಾರು ಹೇಳಿದ್ದು, ಮಾಡಿ ನೋಡಿದ್ದೀರಾ' ಎಂಬ ಎರಡು ಮಾತು ಸೇರಿಸುವುದೂ ಅಷ್ಟೇ ಸುಲಭ. ಆದರೂ ನಾವು ಮೊದಲು ಬಿಡುವುದು ಅದನ್ನೇ.

ಮೊನ್ನೆ ಅಜ್ಜಿಯ ಪುಸ್ತಕದ ಆ ಪುಟದಲ್ಲಿ, ಅವಳ ಅಕ್ಷರದ ಕೆಳಗೆ ಒಂದು ಸಾಲು ಬರೆದೆ: 'ಆರಿಸದೆ ಹಾಕಿದೆ, ಪೂರಾ ಕೆಟ್ಟಿತು.' ಕೆಳಗೆ ನನ್ನ ಹೆಸರು, ಇಸವಿ.